ಹದ ಮೊದಲು, ಸೂಜಿ ಆಮೇಲೆ: ಸ್ಕೇಲ್ ಮಾಡೆಲ್‌ಗೆ ಏರ್‌ಬ್ರಷ್ ನಾಜಲ್ ಮತ್ತು ಬಣ್ಣ ಆರಿಸುವ ಬಗೆ

ಏರ್‌ಬ್ರಷ್ ಅಂದರೆ ಗಾಳಿಯ ಒತ್ತಡದಿಂದ ಬಣ್ಣವನ್ನು ಮಂಜಿನಂತೆ ಸಿಂಪಡಿಸುವ ಪೆನ್ನಿನಂಥ ಉಪಕರಣ, ಬಣ್ಣ ಹೊರಬರುವ ಅದರ ತುದಿಯೇ ನಾಜಲ್. ನನ್ನ ಮೊದಲ ಏರ್‌ಬ್ರಷ್‌ನಲ್ಲಿದ್ದದ್ದು 0.2 ಮಿ.ಮೀ. ಸೂಜಿ. ಸಣ್ಣ ಸೂಜಿ ಅಂದರೆ ಸಣ್ಣ ಗೆರೆ, ಸಣ್ಣ ಗೆರೆ ಅಂದರೆ ಒಳ್ಳೆಯ ಕೆಲಸ ಅಂತ ಲೆಕ್ಕ ಹಾಕಿ ಅದನ್ನೇ ಕೊಂಡಿದ್ದೆ. ಸಂಜೆ ಆರಕ್ಕೆ 1:35ರ (ನಿಜ ಗಾತ್ರದ ಮೂವತ್ತೈದನೇ ಒಂದು ಪಾಲಿನ) ಟ್ಯಾಂಕ್ ಒಂದಕ್ಕೆ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಪದರ) ಹೊಡೆಯಲು ಕೂತವನು ರಾತ್ರಿ ಹನ್ನೊಂದಕ್ಕೆ ಭೂತಗನ್ನಡಿ ಹಿಡಿದು ನಾಜಲ್ ಒಳಗಿನಿಂದ ಬೂದು ಬಣ್ಣದ ತುಣುಕು ಕೀಳುತ್ತಿದ್ದೆ. ಟ್ಯಾಂಕಿನ ಗೋಪುರವೊಂದೇ ಬೂದು ಬಣ್ಣವಾಗಿತ್ತು, ಮಿಕ್ಕದ್ದೆಲ್ಲ ಪ್ಲಾಸ್ಟಿಕ್ಕಿನ ಹಸಿರು ಹಾಗೇ ಇತ್ತು.

ಏರ್‌ಬ್ರಷ್ ಚೆನ್ನಾಗಿಯೇ ಇತ್ತು, ಲೆಕ್ಕ ತಪ್ಪಿದ್ದು ನನ್ನದು. ಆ ಸೂಜಿಗೆ ಆ ಪ್ರೈಮರ್ ಒಗ್ಗುವುದೇ ಇಲ್ಲ. ಏನು ಹೊಡೆಯಬೇಕು ಅಂತ ಮೊದಲು ತೀರ್ಮಾನಿಸಿ, ಆಮೇಲೆ ಅದಕ್ಕೆ ತಕ್ಕ ಸೂಜಿ ಹುಡುಕಬೇಕಿತ್ತು. ಇಲ್ಲಿಯೂ ಅದೇ ಕ್ರಮ ಹಿಡಿದಿದ್ದೇನೆ.

ಪೆಟ್ಟಿಗೆಯ ಮೇಲಿನ ಸಂಖ್ಯೆ

0.3 ಅಂತ ಬರೆದಿದ್ದರೆ ಅದು ನಾಜಲ್ ತುದಿಯ ರಂಧ್ರದ ವ್ಯಾಸ, ಮಿಲಿಮೀಟರಿನಲ್ಲಿ. ಸೂಜಿಯ ಗಾತ್ರ ಅಂತ ಹೇಳುವುದೂ ಇದೇ ಸಂಖ್ಯೆಯನ್ನು, ಆದರೆ ಸೂಜಿಯ ಕಡ್ಡಿ ಅದಕ್ಕಿಂತ ಎಷ್ಟೋ ದಪ್ಪ. ಅದರ ಮೊನಚಾದ ತುದಿ ಆ ರಂಧ್ರವನ್ನು ಒಳಗಿನಿಂದ ಬಿರಡೆಯಂತೆ ಮುಚ್ಚಿಕೊಂಡಿರುತ್ತದೆ. ಡಬಲ್ ಆಕ್ಷನ್ ಏರ್‌ಬ್ರಷ್‌ನಲ್ಲಿ ಟ್ರಿಗರ್ ಕೆಳಗೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಎಳೆದಷ್ಟೂ ಸೂಜಿ ಹಿಂದೆ ಸರಿದು, ಅದಕ್ಕೂ ರಂಧ್ರದ ಅಂಚಿಗೂ ನಡುವೆ ಬಳೆಯಾಕಾರದ ಸಂದು ಬಿಡುತ್ತದೆ. ಸುತ್ತಲಿನಿಂದ ನುಗ್ಗುವ ಗಾಳಿ ಆ ಸಂದಿನಿಂದ ಬಣ್ಣ ಎಳೆದುಕೊಂಡು ಮಂಜಿನಂತೆ ಒಡೆಯುತ್ತದೆ.

ಅಂದಮೇಲೆ ಗೆರೆಯ ಅಗಲ ನಿಂತಿರುವುದು ನೀವು ಎಷ್ಟು ಎಳೆದಿರಿ, ಎಷ್ಟು ಹತ್ತಿರದಿಂದ ಹೊಡೆದಿರಿ, ಬಣ್ಣ ಎಷ್ಟು ತೆಳು ಎಂಬುದರ ಮೇಲೆ. ಹದವಾಗಿ ಬೆರೆಸಿದ ಬಣ್ಣವಿದ್ದರೆ 0.3ರಲ್ಲೇ ಒಂದು ಮಿ.ಮೀ.ಗಿಂತ ಸಣ್ಣ ಗೆರೆ ಬರುತ್ತದೆ. ದೊಡ್ಡ ನಾಜಲ್‌ನಿಂದ ಸಣ್ಣ ಕೆಲಸ ಮಾಡಿಸಿಕೊಳ್ಳಬಹುದು. ಸಣ್ಣ ನಾಜಲ್‌ನಿಂದ ದೊಡ್ಡ ಕೆಲಸ ಮಾಡಿಸುವುದು ಪಿಪೆಟ್ಟಿನಲ್ಲಿ ಬಕೆಟ್ ತುಂಬಿಸಿದ ಹಾಗೆ.

ಹಂತ 1: ಮಾಡೆಲ್‌ಗೆ ಎಷ್ಟು ಸಣ್ಣದು ಬೇಕು, ಅಳೆದು ನೋಡಿ

ಇದು ಎರಡು ನಿಮಿಷದ ಭಾಗಾಕಾರ. ನಿಜವಾದ ಅಳತೆಯನ್ನು ಸ್ಕೇಲ್‌ನಿಂದ ಭಾಗಿಸಿ. ಯುದ್ಧವಿಮಾನದ ಮೇಲೆ ಎರಡು ಬಣ್ಣ ಸೇರುವಲ್ಲಿ 5 ಸೆಂ.ಮೀ. ಅಗಲದ ಮಸುಕು ಅಂಚಿದೆ ಅಂದುಕೊಳ್ಳಿ. 1:48ರಲ್ಲಿ ಅದು ಸುಮಾರು 1 ಮಿ.ಮೀ., 1:72ರಲ್ಲಿ 0.7, 1:35ರಲ್ಲಿ 1.4. ಎರಡನೇ ಮಹಾಯುದ್ಧದ ಜರ್ಮನ್ ಯುದ್ಧವಿಮಾನ ಬಿಎಫ್ 109ರ ಪಕ್ಕೆಯ ಮೇಲಿನ ಮಚ್ಚೆಗಳನ್ನು ನೋಡಿರುತ್ತೀರಿ. ನಿಜ ವಿಮಾನದಲ್ಲಿ 20 ಸೆಂ.ಮೀ. ಅಗಲದ ಮಚ್ಚೆ 1:48ರಲ್ಲಿ 4 ಮಿ.ಮೀ. ಆಗುತ್ತದೆ, 1:72ರಲ್ಲಿ 3ಕ್ಕಿಂತ ಕೊಂಚ ಕಡಿಮೆ. 4 ಮಿ.ಮೀ. ಮಚ್ಚೆಗೆ 0.15 ಸೂಜಿ ಬೇಕಿಲ್ಲ. 1:72ರಲ್ಲಿ ಅಂಥ ಹತ್ತಾರು ಮಚ್ಚೆಗಳನ್ನು ಒಂದರ ಪಕ್ಕ ಒಂದು ಇಡುವವರಿಗೆ 0.2 ಸಹಾಯ ಮಾಡುತ್ತದೆ, ಒಪ್ಪುತ್ತೇನೆ.

ಕಾರಿನ ಮಾಡೆಲ್ ಕಟ್ಟುವವರ ತೊಂದರೆ ಇದಕ್ಕೆ ತದ್ವಿರುದ್ಧ. 1:24ರ ಕಾರಿಗೆ ಬೇಕಾದದ್ದು ಸಣ್ಣ ಗೆರೆಯಲ್ಲ, ಬಾನೆಟ್‌ನಿಂದ ಡಿಕ್ಕಿಯವರೆಗೆ ಒದ್ದೆಯಾಗಿ, ಒಂದೇ ಸಮನೆ ಕೂರುವ ಹೊಳಪಿನ ಪದರ. ಅಲ್ಲಿ 0.4 ಅಥವಾ 0.5 ಇಲ್ಲದಿದ್ದರೆ ಒಂದು ತುದಿ ಮುಗಿಸುವಷ್ಟರಲ್ಲಿ ಇನ್ನೊಂದು ತುದಿ ಒಣಗಿರುತ್ತದೆ.

ಹಂತ 2: ಬಣ್ಣದ ಮನೆತನ ತಿಳಿದುಕೊಳ್ಳಿ

ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಕಾರಣ, ‘ಅಕ್ರಿಲಿಕ್’ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಜಾತಿಯ ಬಣ್ಣಗಳು ಸಿಗುತ್ತವೆ.

ಮೊದಲನೆಯದು ನೀರಿನ ಅಕ್ರಿಲಿಕ್. ವ್ಯಾಲೆಹೋ ಕಂಪನಿಯ ಮಾಡೆಲ್ ಏರ್, ಮಾಡೆಲ್ ಕಲರ್ ಈ ಗುಂಪಿನವು. ಮಾಡೆಲ್ ಕಲರ್ ಕುಂಚಕ್ಕೆಂದು ಮಾಡಿದ ಗಟ್ಟಿ ಬಣ್ಣ. ಮಾಡೆಲ್ ಏರ್ ಏರ್‌ಬ್ರಷ್‌ಗೆಂದೇ ತೆಳು ಮಾಡಿಟ್ಟದ್ದು. ವಾಸನೆ ಕಡಿಮೆ, ಮನೆಮಂದಿಯ ಗೊಣಗಾಟವೂ ಕಡಿಮೆ. ಆದರೆ ಪ್ಲಾಸ್ಟಿಕ್ಕನ್ನು ಕಚ್ಚಿ ಹಿಡಿಯುವುದಿಲ್ಲ, ಮೇಲೊಂದು ಹಾಳೆಯಂತೆ ಕೂರುತ್ತದೆ. ಕೆಳಗೆ ಪ್ರೈಮರ್ ಇಲ್ಲದಿದ್ದರೆ ಮಾಸ್ಕಿಂಗ್ ಟೇಪ್ ಜೊತೆ ಎದ್ದು ಬರುತ್ತದೆ. ಇನ್ನೊಂದು ತಕರಾರು, ಸೂಜಿಯ ತುದಿಯಲ್ಲೇ ಒಣಗಿ ಗಡ್ಡೆ ಕಟ್ಟುವುದು. ಅದನ್ನು ತಡೆಯಲು ಎರಡು ಹನಿ ಫ್ಲೋ ಇಂಪ್ರೂವರ್ (ಹರಿವು ಸಲೀಸಾಗಿಸುವ ದ್ರವ) ಅಥವಾ ರಿಟಾರ್ಡರ್ (ಒಣಗುವುದನ್ನು ನಿಧಾನಿಸುವ ದ್ರವ) ಸೇರಿಸುತ್ತಾರೆ.

ಎರಡನೆಯದು ಆಲ್ಕೊಹಾಲ್ ಜಾತಿಯ ಅಕ್ರಿಲಿಕ್. ಟಾಮಿಯಾದ ಎಕ್ಸ್ ಮತ್ತು ಎಕ್ಸ್‌ಎಫ್ ಸಾಲು, ಮಿಸ್ಟರ್ ಹಾಬಿಯ ಅಕ್ವಿಯಸ್ ಸಾಲು ಇದಕ್ಕೆ ಸೇರುತ್ತವೆ. ಎಕ್ಸ್ ಅಂದರೆ ಹೊಳಪು, ಎಕ್ಸ್‌ಎಫ್ ಅಂದರೆ ಮಂದ. ಟಾಮಿಯಾದ್ದೇ ಎಕ್ಸ್-20ಎ ಥಿನ್ನರ್ ಜೊತೆ ಚೆನ್ನಾಗಿ ಬೆರೆಯುತ್ತದೆ, ಐಸೊಪ್ರೊಪೈಲ್ ಆಲ್ಕೊಹಾಲ್ ಜೊತೆಗೂ. ಮುಂದೆ ಹೇಳಲಿರುವ ಲ್ಯಾಕರ್ ಜಾತಿಯ ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ ಹಾಕಿದರಂತೂ ರೇಷ್ಮೆಯಂತೆ ಕೂರುತ್ತದೆ, ಏಕೆಂದರೆ ಅದರಲ್ಲಿ ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಇರುತ್ತದೆ. ಏರ್‌ಬ್ರಷ್ ಕಲಿಯಲು ಇದಕ್ಕಿಂತ ಸೌಮ್ಯ ಗುರು ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಕುಂಚದಲ್ಲಿ ಮಾತ್ರ ಇದೇ ಬಣ್ಣ ಜೀವ ತಿನ್ನುತ್ತದೆ, ಅದು ಬೇರೆ ವಿಷಯ.

ಈ ಎರಡನ್ನೂ ಒಂದೇ ಎಂದು ತಿಳಿದು, ವ್ಯಾಲೆಹೋ ಬಣ್ಣಕ್ಕೆ ಒಮ್ಮೆ ಐಸೊಪ್ರೊಪೈಲ್ ಸುರಿದಿದ್ದೆ. ಕಡ್ಡಿ ಆಡಿಸುತ್ತಿದ್ದ ಹಾಗೆ ಬಟ್ಟಲಿನಲ್ಲಿ ಬಣ್ಣ ಹೆಪ್ಪುಗಟ್ಟಿ, ರಬ್ಬರಿನ ಎಳೆಗಳಾಗಿ ಕಡ್ಡಿಗೆ ಸುತ್ತಿಕೊಂಡಿತು. ಅದು ನಾಜಲ್ ಒಳಗೆ ಇಳಿದಿದ್ದರೆ ಗತಿ ಏನು ಎಂದು ಈಗಲೂ ಅನ್ನಿಸುತ್ತದೆ. ನೀರಿನ ಅಕ್ರಿಲಿಕ್‌ಗೆ ಅದೇ ಕಂಪನಿಯ ಥಿನ್ನರ್ ಬಳಸುವುದೇ ಕ್ಷೇಮ.

ಮೂರನೆಯದು ಲ್ಯಾಕರ್: ಮಿಸ್ಟರ್ ಕಲರ್, ಟಾಮಿಯಾದ ಎಲ್‌ಪಿ ಸಾಲು, ಥಿನ್ನರ್ ಬೆರೆಸಿಯೇ ಬರುವ ಎಂಆರ್‌ಪಿ (ಮಿಸ್ಟರ್ ಪೇಂಟ್) ಕಂಪನಿಯ ಬಣ್ಣ. ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ತುಸು ಕರಗಿಸಿ ಅಂಟುತ್ತದೆ, ಬೇಗ ಒಣಗುತ್ತದೆ, ತೆಳುವಾಗಿ ಕೂರುತ್ತದೆ. ಸಣ್ಣ ಸೂಜಿಯಲ್ಲಿ ಇದರಷ್ಟು ಸಲೀಸಾಗಿ ಹರಿಯುವ ಬಣ್ಣ ಇನ್ನೊಂದಿಲ್ಲ. ಇದಕ್ಕೆ ತೆರಬೇಕಾದ ಸುಂಕ ವಾಸನೆ ಮತ್ತು ಆವಿ. ಸಾವಯವ ಆವಿ ತಡೆಯುವ ಕಾರ್ಟ್ರಿಡ್ಜ್ ಇರುವ ಮಾಸ್ಕ್, ಹೊರಗೆ ಗಾಳಿ ದೂಡುವ ಸ್ಪ್ರೇ ಬೂತ್ ಎರಡೂ ಇಲ್ಲದೆ ಲ್ಯಾಕರ್ ಮುಟ್ಟಬೇಡಿ. ಬಟ್ಟೆಯ ಮಾಸ್ಕಾಗಲೀ ಧೂಳಿನ ಮಾಸ್ಕಾಗಲೀ ಆವಿಯನ್ನು ತಡೆಯುವುದಿಲ್ಲ. ಅಕ್ರಿಲಿಕ್ ಹೊಡೆಯುವಾಗಲೂ ಮೂಗು ಮುಚ್ಚಿಕೊಳ್ಳಿ: ವಾಸನೆ ಇಲ್ಲದಿದ್ದರೂ ಗಾಳಿಯಲ್ಲಿ ಬಣ್ಣದ ಕಣ ತೇಲುತ್ತಿರುತ್ತದೆ. ಹವೆಯಲ್ಲಿ ತೇವ ಹೆಚ್ಚಿರುವ ದಿನ ಲ್ಯಾಕರ್ ಮೇಲೆ ಬಿಳಿಚು ಪೊರೆ ಬರುವುದುಂಟು. ಅಂಥ ದಿನ ಬೇರೆ ಕೆಲಸ ನೋಡಿ.

ನಾಲ್ಕನೆಯದು ಎನಾಮೆಲ್. ಹಂಬ್ರೋಲ್‌ನ ಪುಟ್ಟ ಡಬ್ಬಿಗಳು ಎಷ್ಟೋ ಜನರ ಮೊದಲ ಬಣ್ಣ. ನಿಧಾನವಾಗಿ ಒಣಗುವುದರಿಂದ ಸೂಜಿ ಕಟ್ಟಿಕೊಳ್ಳುವುದು ಕಡಿಮೆ, ಆದರೆ ಮುಂದಿನ ಪದರಕ್ಕೆ ಒಂದೆರಡು ದಿನ ಕಾಯಬೇಕು. ನಾನು ಈಗ ಇದನ್ನು ವಾಶ್ (ಸಂದುಗೊಂದುಗಳಿಗೆ ಹರಿಯಬಿಡುವ ತೆಳು ಬಣ್ಣ) ಮಾಡಲು ಬಿಟ್ಟರೆ ಬೇರೆ ಯಾವುದಕ್ಕೂ ಬಳಸುವುದಿಲ್ಲ.

ಪದರಗಳ ವಿಷಯದಲ್ಲಿ ಒಂದು ಮಾತು ನೆನಪಿರಲಿ: ಬಿರುಸಾದ ದ್ರಾವಕ ಕೆಳಗೆ, ಮೆತ್ತನೆಯದು ಮೇಲೆ. ಲ್ಯಾಕರ್ ಮೇಲೆ ಅಕ್ರಿಲಿಕ್, ಅದರ ಮೇಲೆ ವಾರ್ನಿಶ್ ಹೊಡೆದು ಎನಾಮೆಲ್ ವಾಶ್. ಸರಿಯಾಗಿ ಆರದ ಎನಾಮೆಲ್ ಮೇಲೆ ಲ್ಯಾಕರ್ ಹೊಡೆದರೆ ಚರ್ಮದಂತೆ ಸುಕ್ಕುಗಟ್ಟುತ್ತದೆ.

ಹಂತ 3: ಈಗ ಸೂಜಿ

0.15ರಿಂದ 0.2: ತೆಳು ಲ್ಯಾಕರ್, ತುಂಬಾ ತೆಳು ಮಾಡಿದ ಟಾಮಿಯಾ, ಶೇಡಿಂಗ್, ಮಚ್ಚೆ, ಮಸಿ ಹಿಡಿದ ಪೈಪಿನ ಗುರುತು. ಇವಾಟದ ಕಸ್ಟಮ್ ಮೈಕ್ರಾನ್ ಸಿಎಮ್-ಬಿ 0.18ರದ್ದು, ಕೈಯಲ್ಲಿ ಹಿಡಿದರೆ ಆಸೆ ಹುಟ್ಟಿಸುವ ವಸ್ತು. ಆದರೆ ಈ ಗಾತ್ರದಲ್ಲಿ ಧೂಳಿನ ಒಂದು ಕಣ, ಬಾಟಲಿಯ ಕತ್ತಿನಲ್ಲಿ ಒಣಗಿದ ಒಂದು ಚಕ್ಕೆ ಸಾಕು, ಕೆಲಸ ನಿಲ್ಲುತ್ತದೆ. ಮೊದಲ ಏರ್‌ಬ್ರಷ್ ಆಗಿ ಇದು ಬೇಡ.

0.3ರಿಂದ 0.35: ಒಂದೇ ಏರ್‌ಬ್ರಷ್ ಇಟ್ಟುಕೊಳ್ಳುವವರ ಗಾತ್ರ ಇದು. 1:72, 1:48 ವಿಮಾನದ ಪೂರ್ತಿ ಮೈಬಣ್ಣ, 1:35 ಟ್ಯಾಂಕಿನ ಮರೆಬಣ್ಣ (ಕ್ಯಾಮೊಫ್ಲಾಜ್), ತೆಳು ಮಾಡಿದ ಪ್ರೈಮರ್ ಎಲ್ಲವೂ ಇದರಲ್ಲಿ ಆಗುತ್ತವೆ. ಇವಾಟ ಎಕ್ಲಿಪ್ಸ್ ಎಚ್‌ಪಿ-ಸಿಎಸ್ 0.35, ಮಿಸ್ಟರ್ ಹಾಬಿಯ ಪ್ರೋಕಾನ್ ಬಾಯ್ ಪಿಎಸ್-289 0.3. ಎರಡೂ ಗ್ರಾವಿಟಿ ಫೀಡ್, ಅಂದರೆ ಬಟ್ಟಲು ಮೇಲಿದ್ದು ಬಣ್ಣ ತಾನೇ ಇಳಿಯುತ್ತದೆ. ಕೆಳಗಿನ ಬಾಟಲಿಯಿಂದ ಬಣ್ಣ ಮೇಲೆಳೆಯುವ ಸೈಫನ್ ಫೀಡ್‌ಗೆ ಹೆಚ್ಚು ಒತ್ತಡ ಬೇಕು. ಸಣ್ಣ ಕೆಲಸಕ್ಕೆ ಅದು ಹೇಳಿ ಮಾಡಿಸಿದ್ದಲ್ಲ.

0.4ರಿಂದ 0.5: ಪ್ರೈಮರ್, ವಾರ್ನಿಶ್, ಕಾರಿನ ಮೈ, 1:32ರ ದೊಡ್ಡ ರೆಕ್ಕೆ, ನೀರಿನ ಅಕ್ರಿಲಿಕ್. ಹೌದು, ನೀರಿನ ಅಕ್ರಿಲಿಕ್ಕೇ. ವ್ಯಾಲೆಹೋ ಬಳಸುವವರು 0.2 ಕೊಂಡು ದಿನವೂ ಬೈದುಕೊಳ್ಳುವುದಕ್ಕಿಂತ 0.4 ಕೊಂಡು ನಿಶ್ಚಿಂತೆಯಿಂದ ಇರುವುದು ಮೇಲು.

ಮೆಟಾಲಿಕ್ ಬಣ್ಣ ಅಂದ ತಕ್ಷಣ ದೊಡ್ಡ ನಾಜಲ್ ಬೇಕು ಎಂದೇನಿಲ್ಲ. ಕಣ್ಣಿಗೆ ಕಾಣುವಷ್ಟು ಮಿನುಗು ಚೂರುಗಳಿರುವ ಬಣ್ಣಕ್ಕೆ 0.4 ಬೇಕು ನಿಜ. ಆದರೆ ಆಲ್‌ಕ್ಲಾಡ್ ಥರದ ಲೋಹದ ಲ್ಯಾಕರ್‌ಗಳಲ್ಲಿ ಕಣ ಎಷ್ಟು ನುಣ್ಣಗಿರುತ್ತದೆ ಎಂದರೆ 0.2ರಲ್ಲೂ ಸರಾಗವಾಗಿ ಬರುತ್ತದೆ. ಅವುಗಳ ಬೇಡಿಕೆ ಬೇರೆ: ಕ್ರೋಮ್‌ನಂಥ ಹೊಳಪಿನ ಛಾಯೆಗಳಿಗೆ ಕೆಳಗೆ ಕನ್ನಡಿಯಂಥ ಕಪ್ಪು, ಮೇಲೆ 12ರಿಂದ 15 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ ಮಂಜು ಹಾಯಿಸಿದಂತೆ ತೆಳು ಪದರಗಳು.

ಪ್ರೈಮರ್ ಕೂಡ ಹಾಗೇ. ಮಿಸ್ಟರ್ ಸರ್ಫೇಸರ್‌ನ 500, 1000, 1200, 1500 ಎಂಬ ಸಂಖ್ಯೆಗಳು ಮರಳು ಕಾಗದದ ಸಂಖ್ಯೆಗಳಂತೆ, ಹೆಚ್ಚಿದಷ್ಟೂ ನುಣುಪು. 1500 ಅನ್ನು ಎರಡು ಪಾಲು ಲೆವೆಲಿಂಗ್ ಥಿನ್ನರ್ ಜೊತೆ ಬೆರೆಸಿದರೆ 0.3ರಲ್ಲಿ ಒಂದು ತಕರಾರೂ ಇಲ್ಲದೆ ಹೋಗುತ್ತದೆ. ಆ ಟ್ಯಾಂಕಿನ ರಾತ್ರಿ ನನ್ನ ಬಟ್ಟಲಿನಲ್ಲಿ ಇದ್ದದ್ದು ಪಾಲಿಯುರೆಥೇನ್ ಪ್ರೈಮರ್, ಬಾಟಲಿಯಿಂದ ಸೀದಾ ಸುರಿದದ್ದು.

ಕೊಳ್ಳುವ ಮೊದಲು ಎರಡು ವಿಷಯ ವಿಚಾರಿಸಿ. ಬಿಡಿ ಸೂಜಿ, ಬಿಡಿ ನಾಜಲ್ ಸಿಗುತ್ತವೆಯೇ? ಒಳಗಿನ ಸೀಲ್ ಟೆಫ್ಲಾನಿನದೇ, ರಬ್ಬರಿನದೇ? ರಬ್ಬರ್ ಆದರೆ ಲ್ಯಾಕರ್ ಥಿನ್ನರ್ ಅದನ್ನು ಉಬ್ಬಿಸಿ ಕೆಡಿಸುತ್ತದೆ. ಗಾತ್ರ ಬದಲಿಸುವುದಾದರೆ ಸೂಜಿ, ನಾಜಲ್ ಜೋಡಿಯಾಗಿಯೇ ಬದಲಾಗಬೇಕು, ಕೆಲವದರಲ್ಲಿ ಮುಂದಿನ ಮುಚ್ಚಳವೂ. ಹಾರ್ಡರ್ ಅಂಡ್ ಸ್ಟೀನ್‌ಬೆಕ್‌ನ ಎವಲ್ಯೂಷನ್, ಇನ್ಫಿನಿಟಿಯಂಥವು ಹೀಗೆ ಬದಲಿಸಲೆಂದೇ ಮಾಡಿದವು. ಒಂದೇ ಮೈಗೆ ಎರಡು ಜೋಡಿ ಇಟ್ಟುಕೊಳ್ಳಬಹುದು.

ಹಂತ 4: ಹದ

ಎಲ್ಲರೂ ‘ಹಾಲಿನ ಹದ’ ಅನ್ನುತ್ತಾರೆ. ಅದು ಸರಿಯೇ, ಆದರೆ ನೋಡದವರಿಗೆ ಅರ್ಥವಾಗುವುದಿಲ್ಲ. ಹೀಗೆ ಮಾಡಿ. ಮೊದಲು ಬಾಟಲಿಯ ತಳ ಕೆದಕಿ ಕಲಕಿ. ಎಕ್ಸ್‌ಎಫ್ ಬಣ್ಣಗಳಲ್ಲಿ ಮಂದತೆ ಕೊಡುವ ಪುಡಿ ತಳದಲ್ಲಿ ಕೂತಿರುತ್ತದೆ, ಬರೀ ಅಲ್ಲಾಡಿಸಿದರೆ ಏಳುವುದಿಲ್ಲ. ಬೇರೊಂದು ಪುಟ್ಟ ಬಟ್ಟಲಿನಲ್ಲಿ ಮೊದಲು ಥಿನ್ನರ್, ಆಮೇಲೆ ಬಣ್ಣ ಹಾಕಿ, ಕಡ್ಡಿಯಲ್ಲಿ ತಿರುಗಿಸಿ. ಕಡ್ಡಿಯಿಂದ ಒಂದು ಹನಿಯನ್ನು ಬಟ್ಟಲಿನ ಗೋಡೆಯ ಮೇಲ್ಭಾಗಕ್ಕೆ ಸವರಿ ಸುಮ್ಮನೆ ನೋಡಿ.

ಹನಿ ಅಲ್ಲೇ ನಿಂತು, ಆಮೇಲೆ ಸೋಮಾರಿಯಂತೆ ಜಾರಿ, ಹಿಂದೆ ದಪ್ಪ ಪಟ್ಟಿ ಬಿಟ್ಟರೆ ಇನ್ನೂ ಗಟ್ಟಿ. ತಡವಿಲ್ಲದೆ ಇಳಿದು, ಹಿಂದೆ ಅರೆಪಾರದರ್ಶಕ ಪರದೆಯಂಥ ಬಣ್ಣ ಬಿಟ್ಟು, ಆ ಪರದೆಯ ಮೇಲಂಚು ನಿಧಾನವಾಗಿ ತೆಳುವಾಗುತ್ತಿದ್ದರೆ ಹದ ಬಂತು. ಪೂರ್ತಿ ಜಾರಿ ಗೋಡೆ ಬರಿದಾಗಿ, ಅಲ್ಲಲ್ಲಿ ಕಲೆ ಮಾತ್ರ ಉಳಿದರೆ ಮೈಬಣ್ಣಕ್ಕೆ ತೀರಾ ತೆಳು, ಆದರೆ ಮಚ್ಚೆಗೆ, ಶೇಡಿಂಗ್‌ಗೆ ಅದೇ ಸರಿ.

ಮೊದಲ ಪ್ರಯತ್ನಕ್ಕೆ ಅಳತೆ ಬೇಕು ಅನ್ನುವವರಿಗೆ: ಟಾಮಿಯಾ ಅಕ್ರಿಲಿಕ್ ಒಂದಕ್ಕೆ ಥಿನ್ನರ್ ಒಂದು, ಮಿಸ್ಟರ್ ಕಲರ್ ಒಂದಕ್ಕೆ ಒಂದೂವರೆಯಿಂದ ಎರಡು, ಮಾಡೆಲ್ ಏರ್‌ಗೆ ನಾಲ್ಕೈದು ಹನಿ ಬಣ್ಣಕ್ಕೆ ಒಂದು ಹನಿ. ಮಚ್ಚೆಯ ಕೆಲಸಕ್ಕೆ ಟಾಮಿಯಾ ಒಂದಕ್ಕೆ ಮೂರರವರೆಗೂ ಹೋಗಿ. ಬಾಟಲಿ ಹಳತಾದಷ್ಟೂ ಗಟ್ಟಿಯಾಗುತ್ತದೆ, ಆದ್ದರಿಂದ ಕೊನೆಯ ಮಾತು ಬಟ್ಟಲಿನ ಗೋಡೆಯದ್ದೇ.

ಹಂತ 5: ಗಾಳಿ

ಮೈಬಣ್ಣಕ್ಕೆ 15ರಿಂದ 20 ಪಿಎಸ್‌ಐ, ಅಂದರೆ 1ರಿಂದ 1.4 ಬಾರ್. ನೀರಿನ ಅಕ್ರಿಲಿಕ್‌ಗೆ 20ರ ಆಸುಪಾಸು. ಸಣ್ಣ ಕೆಲಸಕ್ಕೆ 10ರ ಹತ್ತಿರ, ಆದರೆ ಬಣ್ಣ ಅಷ್ಟೇ ತೆಳುವಾಗಿದ್ದರೆ ಮಾತ್ರ. ಟ್ರಿಗರ್ ಒತ್ತಿ ಗಾಳಿ ಹರಿಯುತ್ತಿರುವಾಗ ಮೀಟರ್ ಓದಿ. ಬಿಟ್ಟಾಗ ಅದು ತೋರಿಸುವ ಅಂಕಿ ಹೆಚ್ಚಿರುತ್ತದೆ. ಕಂಪ್ರೆಸರ್‌ಗೆ ಗಾಳಿ ತುಂಬಿಡುವ ಟ್ಯಾಂಕ್, ತೇವ ಹಿಡಿಯುವ ಬಲೆ ಎರಡೂ ಇರಲಿ. ಒತ್ತಡ, ಹದ, ದೂರ ಈ ಮೂರರಲ್ಲಿ ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದೇ ಇಲ್ಲ.

ಹಂತ 6: ಮಾಡೆಲ್‌ಗೆ ಮೊದಲು ಚಮಚಕ್ಕೆ

ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಪ್ರೈಮರ್ ಹೊಡೆದು ಒಂದಷ್ಟು ಇಟ್ಟುಕೊಳ್ಳಿ. ಕಾಗದ ಬಣ್ಣ ಹೀರುತ್ತದೆ, ಚಮಚ ಹೀರುವುದಿಲ್ಲ, ಹಾಗಾಗಿ ಸುಳ್ಳು ಹೇಳುವುದಿಲ್ಲ.

ಬಣ್ಣದ ಹನಿ ಜೇಡದ ಕಾಲಿನಂತೆ ಸುತ್ತ ಓಡಿತೇ? ತೀರಾ ಹತ್ತಿರ, ಅಥವಾ ಈ ತೆಳುವಿಗೆ ಗಾಳಿ ಹೆಚ್ಚು. ಮೊದಲು ಒತ್ತಡ ಇಳಿಸಿ. ಮೇಲ್ಮೈ ಸಣ್ಣ ಮರಳಿನಂತೆ ಒರಟಾಯಿತೇ? ಬಣ್ಣ ದಾರಿಯಲ್ಲೇ ಒಣಗುತ್ತಿದೆ. ಹತ್ತಿರ ಬನ್ನಿ, ಒತ್ತಡ ಇಳಿಸಿ, ಇಲ್ಲವೇ ರಿಟಾರ್ಡರ್ ಸೇರಿಸಿ. ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿಯಾಯಿತೇ? ಗಟ್ಟಿ ಬಣ್ಣ. ಗೆರೆ ಎಳೆಯುತ್ತಾ ಎಳೆಯುತ್ತಾ ಕ್ಷೀಣಿಸಿ, ಟ್ರಿಗರ್ ಇನ್ನಷ್ಟು ಎಳೆದಾಗ ಫಕ್ಕನೆ ಉಗುಳಿತೇ? ಸೂಜಿಯ ತುದಿಯಲ್ಲಿ ಬಣ್ಣ ಒಣಗಿದೆ. ಥಿನ್ನರ್ ತಾಗಿಸಿದ ಕುಂಚದಿಂದ ತುದಿ ಒರೆಸಿ ಮುಂದುವರಿಯಿರಿ. ಬಿಳಿ ಮತ್ತು ಹಳದಿಯಲ್ಲಿ ನಾನು ನಾಲ್ಕೈದು ನಿಮಿಷಕ್ಕೊಮ್ಮೆ ಒರೆಸುತ್ತೇನೆ. ಬಟ್ಟಲಿನೊಳಗೆ ಗುಳ್ಳೆ ಏಳುತ್ತಿದ್ದರೆ ಗಾಳಿ ಬಣ್ಣದ ದಾರಿಗೆ ನುಗ್ಗುತ್ತಿದೆ: ನಾಜಲ್ ಸಡಿಲವಾಗಿದೆ, ಕಟ್ಟಿಕೊಂಡಿದೆ, ಅಥವಾ ಬಿರುಕು ಬಿಟ್ಟಿದೆ.

ಮೈಬಣ್ಣಕ್ಕೆ ದೂರ 5ರಿಂದ 10 ಸೆಂ.ಮೀ., ಮಚ್ಚೆಗೆ 1ರಿಂದ 2. ಹತ್ತಿರದ ಕೆಲಸಕ್ಕೆ ಸೂಜಿಯ ಮುಂದಿನ ಮುಚ್ಚಳ ತೆಗೆದು ಹೊಡೆಯುವವರಿದ್ದಾರೆ. ಗಾಳಿ ತಿರುಗಿ ಬಂದು ಉಗುಳುವುದು ಇದರಿಂದ ಕಡಿಮೆಯಾಗುತ್ತದೆ, ಆದರೆ ತುದಿ ಬರಿದಾಗಿರುತ್ತದೆ. ಮೊಣಕೈ ತಾಗಿದರೆ ಅಷ್ಟೇ.

ಹಂತ 7: ತೊಳೆಯುವುದು, ಬಾಗಿದ ತುದಿ ನೆಟ್ಟಗಾಗಿಸುವುದು

ಪ್ರತಿ ಬಣ್ಣದ ನಡುವೆ ಬಟ್ಟಲು ಒರೆಸಿ, ಥಿನ್ನರ್ ಹಾಕಿ, ನೀರಿನಂತೆ ಸ್ವಚ್ಛ ಬರುವವರೆಗೆ ಹೊಡೆಯಿರಿ. ದಿನದ ಕೊನೆಗೆ ಸೂಜಿಯನ್ನು ಹಿಂದಿನಿಂದ ಎಳೆದು ತೆಗೆದು ಒರೆಸಿ. ನಾಜಲ್ ಬಿಚ್ಚುವುದು ತೀರಾ ಅಗತ್ಯವಾದಾಗ ಮಾತ್ರ. ಇವಾಟದ ಕೆಲವು ಏರ್‌ಬ್ರಷ್‌ಗಳಲ್ಲಿ ಅದು ಅಕ್ಕಿಕಾಳಿನಷ್ಟು ಪುಟ್ಟದು, ಥ್ರೆಡ್ (ತಿರುಪಿನ ಸುತ್ತು) ಇದ್ದು ತಿರುಗಿಸಿ ಕೂರಿಸುವಂಥದ್ದು. ಕಂಪನಿ ಕೊಟ್ಟ ಪುಟ್ಟ ಸ್ಪ್ಯಾನರನ್ನು ಎರಡು ಬೆರಳಲ್ಲಿ ಹಿಡಿದು, ತಾಗಿತು ಅನ್ನಿಸಿದ ಮೇಲೆ ಕೂದಲೆಳೆಯಷ್ಟು ತಿರುಗಿಸಿದರೆ ಸಾಕು. ‘ಇನ್ನೊಂಚೂರು’ ಅಂತ ಬಿಗಿ ಮಾಡಲು ಹೋಗಿ ಒಂದರ ಥ್ರೆಡ್ಡನ್ನು ಏರ್‌ಬ್ರಷ್ ಮೈಯೊಳಗೇ ಮುರಿದು ಬಿಟ್ಟಿದ್ದೇನೆ.

ಸೂಜಿ ಮರಳಿ ಹಾಕುವಾಗ ದೂಡಬೇಡಿ, ತಾನೇ ಹೋಗಿ ನಿಲ್ಲುವಲ್ಲಿಗೆ ಬಿಡಿ. ಬಲವಾಗಿ ದೂಡಿದರೆ ನಾಜಲ್ ತುದಿ ತುತ್ತೂರಿಯಂತೆ ಅರಳಿ ಸೀಳುತ್ತದೆ.

ತುದಿ ಬಾಗಿದೆಯೋ ಇಲ್ಲವೋ ಕಣ್ಣಿಗೆ ಕಾಣದಿದ್ದರೆ, ಸೂಜಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಓರೆಯಾಗಿ ಇಟ್ಟು, ತಿರುಗಿಸುತ್ತಾ ಹಿಂದಕ್ಕೆ ಎಳೆಯಿರಿ. ಒಂದು ಬದಿಯಲ್ಲಿ ಮಾತ್ರ ಉಗುರಿಗೆ ಗೀರಿದಂತಾದರೆ ಅಲ್ಲಿ ಕೊಕ್ಕೆಯಿದೆ. ಗಾಜಿನ ಮೇಲೆ 2000 ಸಂಖ್ಯೆಯ ಮರಳು ಕಾಗದ ಹಾಸಿ, ತುದಿಯನ್ನು ಅದರ ಇಳಿಜಾರಿಗೆ ಸರಿಯಾಗಿ ಮಲಗಿಸಿ, ಒಂದು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು ಸೂಜಿಯನ್ನು ಉರುಳಿಸುತ್ತಾ ನಿಮ್ಮತ್ತ ಎಳೆಯಿರಿ. ನಾಲ್ಕೈದು ಸಲ ಎಳೆದು ಮತ್ತೆ ಉಗುರಿಗೆ ಹಿಡಿಯಿರಿ. ಗೀರು ಹೋಗಿದ್ದರೆ ಒರೆಸಿ ಹಾಕಿ, ಥಿನ್ನರ್ ಹಾಯಿಸಿ, ಚಮಚದ ಮೇಲೆ ಒಂದು ಗೆರೆ ಎಳೆಯಿರಿ. ಗೆರೆ ಇನ್ನೂ ಒಂದು ಪಕ್ಕಕ್ಕೆ ವಾಲುತ್ತಿದ್ದರೆ ಹೊಸ ಸೂಜಿಗೆ ಕೈಹಾಕಿ. ಹಳೆಯದನ್ನು ಎಸೆಯಬೇಡಿ, ಬಾಟಲಿಯ ಕತ್ತಿನಲ್ಲಿ ಒಣಗಿದ ಚಕ್ಕೆ ಕೆರೆದು ತೆಗೆಯಲು ಅದು ಬರುತ್ತದೆ.